ಆಸ್ತಿಯಿಲ್ಲದ ಹುಡುಗನನ್ನು ನಂಬಿದ ಸಂಸ್ಥಾನ

ಪ್ರತಿ ವರ್ಷ ಸೆಪ್ಟೆಂಬರ್ 15 ಬಂದಿತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಂಬಾಡಿ ಕಟ್ಟೆಯನ್ನು ಸ್ಮರಿಸಿ, ಎರಡು ಮೇಣದಬತ್ತಿಗಳ ಕಥೆಯನ್ನು ಮಕ್ಕಳಿಗೆ ಮತ್ತೊಮ್ಮೆ ಹೇಳಿ ಸಭೆ ಮುಗಿಸುವುದು ನಮ್ಮಲ್ಲಿ ರೂಢಿ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಅಂಥ ಸಭೆಗಳಲ್ಲಿ ನಾನೂ ಮಾತನಾಡಿದ್ದೇನೆ. ಆದರೆ ಅಣೆಕಟ್ಟಿನ ವಿಶ್ವೇಶ್ವರಯ್ಯನವರ ಮರೆಯಲ್ಲಿ ಉಳಿದುಹೋದ ಇನ್ನೊಬ್ಬ ವಿಶ್ವೇಶ್ವರಯ್ಯನವರಿದ್ದಾರೆ. ಅವರು ಬ್ಯಾಂಕು ಕಟ್ಟಿಸಿದವರು. ಕೈಯಲ್ಲಿ ಕಸುಬಿದ್ದೂ ಕಾಸಿಲ್ಲದವನಿಗೆ ಬಂಡವಾಳ ಎಲ್ಲಿಂದ ಬರಬೇಕು ಎಂಬುದನ್ನು ಆಡಳಿತವೇ ಉತ್ತರಿಸಬೇಕಾದ ಪ್ರಶ್ನೆಯನ್ನಾಗಿ ಮಾಡಿದವರು. ಅವರನ್ನು ನಾನು ಮತ್ತೆ ಓದುವಂತೆ ಮಾಡಿದವನು ಮೈಸೂರಿನ ಉದಯಗಿರಿಯ ಒಬ್ಬ ಯುವಕ.

ಅರಮನೆ, ಅಗ್ರಹಾರ, ಸಯ್ಯಾಜಿರಾವ್ ರಸ್ತೆಗಳ ಮೈಸೂರನ್ನಷ್ಟೇ ಕಂಡವರಿಗೆ ಉದಯಗಿರಿ ಬೇರೆಯೇ ಊರಿನಂತೆ ತೋರಬಹುದು. ಬಹುಪಾಲು ಮುಸ್ಲಿಂ ಶ್ರಮಿಕ ಕುಟುಂಬಗಳು ನೆಲೆಸಿರುವ ಒತ್ತೊತ್ತಾದ ಬಡಾವಣೆಯದು. ಜಗಲಿಯ ಮೇಲೆ ಬೀಡಿ ಕಟ್ಟುವ ಹೆಂಗಸರು, ಗ್ಯಾರೇಜುಗಳು, ಬಡಗಿಗಳ ಅಂಗಡಿಗಳು, ಹೊಲಿಗೆ ಯಂತ್ರದ ಸದ್ದು: ಇಲ್ಲಿ ದುಡಿಯದ ಮನೆಯೇ ವಿರಳ. ನಿವೃತ್ತನಾದ ಮೇಲೆ ಪರಿಚಿತರ ಮಕ್ಕಳಿಗೆ ಅರ್ಜಿ ತುಂಬಿಕೊಡುವ ಕೆಲಸ ನನಗೆ ತಾನಾಗಿಯೇ ಅಂಟಿಕೊಂಡಿತು. ಈ ಯುವಕನೂ ಹಾಗೆಯೇ ಬಂದ. ಐಟಿಐಯಲ್ಲಿ ಫಿಟ್ಟರ್ ತರಬೇತಿ ಮುಗಿಸಿ, ಗೇಟು ಮತ್ತು ಕಿಟಕಿಯ ಗ್ರಿಲ್ ಮಾಡುವ ಅಂಗಡಿಯೊಂದರಲ್ಲಿ ಐದು ವರ್ಷ ದುಡಿದಿದ್ದ. ವೆಲ್ಡಿಂಗ್ ಯಂತ್ರ, ಕತ್ತರಿಸುವ ಯಂತ್ರ, ಕೊರೆಯುವ ಯಂತ್ರ ಕೊಂಡು ಸ್ವಂತ ಅಂಗಡಿ ತೆರೆಯಲು ಮೂರು ಲಕ್ಷ ರೂಪಾಯಿ ಬೇಕಾಗಿತ್ತು. ಸರ್ಕಾರದ ಬೆಂಬಲವುಳ್ಳ ಯೋಜನೆಯಡಿ ಅರ್ಜಿ ಹಾಕಿದ. ಆಧಾರಪತ್ರ ಬೇಕಿಲ್ಲವೆಂದು ಯೋಜನೆಯ ನಿಯಮವೇ ಹೇಳುತ್ತದೆ. ಆದರೂ ಬ್ಯಾಂಕಿನಲ್ಲಿ ಅವನನ್ನು ಕೇಳಿದ್ದು ಮನೆಯ ಪತ್ರವನ್ನು. ಅವನದು ಬಾಡಿಗೆ ಮನೆ. ಮೂರು ಬಾರಿ ಅಲೆದ ಮೇಲೂ ಅರ್ಜಿ ತಿರಸ್ಕೃತವಾಯಿತೋ ಇಲ್ಲವೋ ಎಂಬುದೂ ಅವನಿಗೆ ತಿಳಿಯಲಿಲ್ಲ. ಲಿಖಿತವಾಗಿ ಯಾರೂ ಏನನ್ನೂ ಕೊಡಲಿಲ್ಲ.

ಆ ಸಂಜೆ ಮನೆಗೆ ಮರಳಿದವನು ವಿಶ್ವೇಶ್ವರಯ್ಯನವರ ಬದುಕನ್ನು ಮೊದಲಿನಿಂದ ನೆನಪಿಗೆ ತಂದುಕೊಂಡೆ. ಕಾರಣವಿಷ್ಟೆ: ಅವರೂ ಒಂದು ಕಾಲಕ್ಕೆ ಆಸ್ತಿಯಿಲ್ಲದ, ಆದರೆ ಅರ್ಹತೆಯುಳ್ಳ ತರುಣನಾಗಿದ್ದವರು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಅವರು ಜನಿಸಿದರು. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದ. ಖರ್ಚಿಗಾಗಿ ಅನುಕೂಲಸ್ಥರ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ವಿದ್ಯೆಯ ಗೌರವವಿದ್ದ ಮನೆತನ ಅದು, ನಿಜ. ಅಕ್ಷರವೇ ಹೊಕ್ಕದ ಮನೆಗಳ ಕಷ್ಟಕ್ಕೆ ಅದನ್ನು ಹೋಲಿಸಲಾಗದು. ಆದರೆ ಎಂಜಿನಿಯರಿಂಗ್ ಓದಲು ಪುಣೆಗೆ ಹೋಗುವಷ್ಟು ಹಣ ಆ ತರುಣನ ಕೈಯಲ್ಲಿರಲಿಲ್ಲ. ಒತ್ತೆಯಿಡಲು ಜಮೀನಾಗಲಿ, ಜಾಮೀನು ನಿಲ್ಲಲು ಸಾಹುಕಾರನಾಗಲಿ ಇರಲಿಲ್ಲ.

ಆಗ ಮುಂದೆ ಬಂದದ್ದು ಮೈಸೂರು ಸರ್ಕಾರ. ಆ ಸರ್ಕಾರದ ಅಂದಿನ ಸ್ಥಿತಿಯನ್ನು ಗಮನಿಸಬೇಕು. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತ್ತು. ಬೊಕ್ಕಸ ಬರಿದಾಗಿ, ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ಉಳಿದಿತ್ತು. ಅರ್ಧ ಶತಮಾನದ ಬ್ರಿಟಿಷ್ ಆಡಳಿತದ ತರುವಾಯ 1881ರಲ್ಲಿ ರಾಜ್ಯವು ಒಡೆಯರ್ ವಂಶಕ್ಕೆ ಆಗತಾನೆ ಮರಳಿತ್ತು. ಖರ್ಚು ಕಡಿತಗೊಳಿಸುವುದೇ ದಿವಾನ್ ರಂಗಾಚಾರ್ಲು ಅವರ ಮುಖ್ಯ ಕೆಲಸವಾಗಿದ್ದ ದಿನಗಳವು. ಅಂಥ ಕಾಲದಲ್ಲಿಯೂ ಸಂಸ್ಥಾನವು ಆಸ್ತಿಯಿಲ್ಲದ ಈ ತರುಣನಿಗೆ ವಿದ್ಯಾರ್ಥಿವೇತನ ನೀಡಿ ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರ ಪರೀಕ್ಷೆಯಲ್ಲಿ ಅವರು ಮೊದಲಿಗರಾಗಿ ತೇರ್ಗಡೆಯಾದರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಒಂದು ಹೂಡಿಕೆಯೆಂದೇ ಪರಿಗಣಿಸುತ್ತೇನೆ. ಅದಕ್ಕೆ ಆಧಾರವಾಗಿ ಸಂಸ್ಥಾನ ಕೇಳಿದ್ದು ಅರ್ಹತೆಯನ್ನು ಮಾತ್ರ. ಪ್ರತಿಫಲವೂ ತಕ್ಷಣ ಬರಲಿಲ್ಲ. 1884ರಲ್ಲಿ ಅವರು ಸೇರಿದ್ದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು. ಕಾಲು ಶತಮಾನದ ನಂತರ, 1909ರಲ್ಲಿ, ಮುಖ್ಯ ಎಂಜಿನಿಯರ್ ಆಗಿ ಅವರು ಮೈಸೂರಿಗೆ ಮರಳಿದರು. ಸಂಸ್ಥಾನ ಇಟ್ಟ ನಂಬಿಕೆ ಹೇಗೆ ಫಲಿಸಿತೆಂಬುದನ್ನು ಮಂಡ್ಯದ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ಅವರು ಮಾಡಿದ ಒಂದು ಕೆಲಸ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1899ರ ಸುಮಾರಿನಲ್ಲಿ, ದಖ್ಖನ್ ಕಾಲುವೆಗಳಿಗಾಗಿ ಅವರು ರೂಪಿಸಿದ ಬ್ಲಾಕ್ ಪದ್ಧತಿಯನ್ನು ಬಲ್ಲವರು ಕಡಿಮೆ. ಕಾಲುವೆಯ ನೀರು ತಲೆಭಾಗದ ಕೆಲವು ಊರುಗಳಲ್ಲಿ ಮಿತಿಮೀರಿ ಹರಿದು ಜಮೀನು ಜೌಗಾಗುತ್ತಿತ್ತು. ದೂರದ ಹಳ್ಳಿಗಳು ಒಣಗುತ್ತಿದ್ದವು. ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಪ್ರತಿ ಹಳ್ಳಿಯಲ್ಲಿಯೂ ಗೊತ್ತುಪಡಿಸಿದ ಜಮೀನಿನ ತುಂಡಿಗೆ ಬೆಳೆಯ ಸರದಿಯಂತೆ ನೀರು ಸಿಗಬೇಕು ಎಂಬುದು ಆ ಪದ್ಧತಿಯ ಸಾರ. ಜಲಾಶಯ ತುಂಬಿದ್ದರೂ ಕೊನೆಯ ತೂಬಿನವನಿಗೆ ನೀರು ಮುಟ್ಟದಿದ್ದರೆ ಅದು ಎಂಜಿನಿಯರನ ಸೋಲು ಎಂಬ ದೃಷ್ಟಿ ಅದರಲ್ಲಿತ್ತು. ಸಾಲವೂ ನೀರಿನ ಹಾಗೆಯೇ. ಬ್ಯಾಂಕುಗಳಲ್ಲಿ ಎಷ್ಟು ಹಣವಿದೆ ಎಂಬುದಕ್ಕಿಂತ ಅದು ಯಾವ ತೂಬಿನವರೆಗೆ ಹರಿಯುತ್ತದೆ ಎಂಬುದು ಮುಖ್ಯ.

ಮೈಸೂರಿಗೆ ಬಂದ ಎರಡೇ ವರ್ಷಗಳಲ್ಲಿ ಅವರ ಆಸಕ್ತಿ ನೀರಾವರಿಯಿಂದಾಚೆಗೂ ಹಬ್ಬಿತು. 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ದ ಅವರ ಮನಸ್ಸಿನಲ್ಲಿ ಆ ಪುಟ್ಟ ದೇಶ ಶಿಕ್ಷಣ ಮತ್ತು ಕೈಗಾರಿಕೆಗಳಿಂದ ಮೇಲೆದ್ದ ರೀತಿ ಆಳವಾಗಿ ನಾಟಿತ್ತು. ಅವರ ಸಲಹೆಯಂತೆ 1911ರ ಜೂನ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರವು ಮೈಸೂರು ಸಂಪದಭ್ಯುದಯ ಸಮಾಜವನ್ನು ಆರಂಭಿಸಿತು. ಅಧಿಕಾರಿಗಳು, ವರ್ತಕರು, ಕೃಷಿಕರು, ವಿದ್ಯಾವಂತರು ಒಂದೆಡೆ ಕುಳಿತು ರಾಜ್ಯದ ಆರ್ಥಿಕ ಸ್ಥಿತಿಯನ್ನು ಚರ್ಚಿಸುವ ಸಂಸ್ಥೆಯದು. ವ್ಯವಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಭಾಗಗಳಿಗೆ ಮೂರು ಸಮಿತಿಗಳು ಏರ್ಪಟ್ಟವು. ಕೆಳಗೆ ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ಪ್ರಗತಿ ಸಮಿತಿಗಳಿದ್ದವು. ಯಾವ ಊರಿನಲ್ಲಿ ಯಾವ ಕಸುಬಿದೆ, ಅದಕ್ಕೆ ಏನು ಕೊರತೆಯಿದೆ ಎಂಬ ಅಂಕಿಅಂಶ ಸಂಗ್ರಹಿಸುವುದರಿಂದಲೇ ಅವರು ಕೆಲಸ ಆರಂಭಿಸಿದರು. ಯೋಜನೆ ಎಂಬ ಪದ ದೆಹಲಿಯಲ್ಲಿ ರೂಢಿಗೆ ಬರುವುದಕ್ಕೆ ನಾಲ್ಕು ದಶಕಗಳ ಮೊದಲಿನ ಮಾತಿದು.

ಆ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಎದುರಾದ ಕೊರತೆ ಬಂಡವಾಳದ್ದು. ಬೆಂಗಳೂರಿನಲ್ಲಿ ಮದ್ರಾಸ್ ಬ್ಯಾಂಕಿನ ಶಾಖೆ 1864ರಿಂದಲೂ ಇತ್ತು. ಆದರೆ ಅದು ದೊಡ್ಡ ವ್ಯವಹಾರಸ್ಥರಿಗೆ ಒದಗುವ ಬ್ಯಾಂಕು. ದೇಶೀಯ ಸಣ್ಣ ವರ್ತಕನಿಗೂ ಕುಶಲಕರ್ಮಿಗೂ ಉಳಿದಿದ್ದವರು ಲೇವಾದೇವಿಯವರೇ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಬ್ಯಾಂಕಿಂಗ್ ಸಮಿತಿ ಸಂಸ್ಥಾನಕ್ಕೆ ತನ್ನದೇ ಆದ ಬ್ಯಾಂಕು ಬೇಕೆಂದು ಶಿಫಾರಸು ಮಾಡಿತು. ಅಷ್ಟರಲ್ಲಿ, 1912ರ ನವೆಂಬರಿನಲ್ಲಿ, ಅವರೇ ದಿವಾನರಾಗಿದ್ದರು. ಸರ್ಕಾರದ ಆಶ್ರಯದಲ್ಲಿ ಬ್ಯಾಂಕ್ ಆಫ್ ಮೈಸೂರು 1913ರ ಅಕ್ಟೋಬರ್ 2ರಂದು ವ್ಯವಹಾರ ಆರಂಭಿಸಿತು.

ಆ ದಿನಾಂಕದ ಮಹತ್ತ್ವ ಇಂದು ನಮಗೆ ಸುಲಭವಾಗಿ ಹೊಳೆಯದು. ಅದೇ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಬಾಗಿಲು ಮುಚ್ಚಿತ್ತು. ನವೆಂಬರಿನಲ್ಲಿ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಕುಸಿಯಿತು. ಸ್ವದೇಶಿ ಚಳವಳಿಯ ಉತ್ಸಾಹದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದರ ಹಿಂದೊಂದು ಉರುಳುತ್ತಿದ್ದ, ಠೇವಣಿದಾರರು ಗಾಬರಿಗೊಂಡಿದ್ದ ಕಾಲದಲ್ಲಿ ಮೈಸೂರು ತನ್ನ ಬ್ಯಾಂಕನ್ನು ತೆರೆಯಿತು. ಅದು ಉಳಿಯಿತು. ಉಳಿದದ್ದಕ್ಕೆ ಎಚ್ಚರದ ನಿರ್ವಹಣೆಯ ಜೊತೆಗೆ ಬೆನ್ನ ಹಿಂದೆ ಸರ್ಕಾರವಿದೆಯೆಂಬ ಜನರ ಭರವಸೆಯೂ ಕಾರಣವೆಂದು ನಾನು ತಿಳಿದಿದ್ದೇನೆ. ಸಾಲಕ್ಕೆ ಸರ್ಕಾರದ ಬೆಂಬಲವೆಂದರೆ ಬಿಟ್ಟಿ ಹಣವೆಂದಲ್ಲ. ನಂಬಿಕೆಯ ಕೊರತೆಯನ್ನು ಸರ್ಕಾರ ತುಂಬಿಕೊಡುವುದೆಂದು ಅರ್ಥ.

ಇಷ್ಟಕ್ಕೇ ಅವರು ನಿಲ್ಲಲಿಲ್ಲವೆಂಬುದು ಮುಖ್ಯ. ಬ್ಯಾಂಕು ಹುಟ್ಟಿದ ವರ್ಷವೇ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯೂ ಹುಟ್ಟಿತು. ಮದ್ರಾಸಿನಲ್ಲಿ ಹೆಸರು ಮಾಡಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಅನುಭವ ಮೈಸೂರಿನ ಕೈಗಾರಿಕೆಗಳಿಗೆ ಒದಗಿತು. ನೀರೆತ್ತುವ ಪಂಪು, ಕಬ್ಬಿನ ಗಾಣ, ಅಕ್ಕಿ ಗಿರಣಿಗಳಂಥ ಯಂತ್ರಗಳನ್ನು ಕೊಳ್ಳಲು ತಕಾವಿ ಸಾಲ ದೊರೆಯತೊಡಗಿತು. ಬರಗಾಲದಲ್ಲಿ ಬಾವಿಗೂ ಎತ್ತಿಗೂ ಕೊಡುತ್ತಿದ್ದ ಸಾಲದ ಹಳೆಯ ಪದ್ಧತಿಯೇ ಯಂತ್ರದವರೆಗೆ ವಿಸ್ತರಿಸಿತು. ಯಾವ ಯಂತ್ರ ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಕೆಟ್ಟರೆ ಯಾರು ಸರಿಪಡಿಸಬೇಕು ಎಂಬ ವಿಚಾರದಲ್ಲಿ ಇಲಾಖೆಯ ತಜ್ಞರ ನೆರವಿತ್ತು. ಕಸುಬು ಕಲಿಸಲು ಶಾಲೆಗಳಿದ್ದವು. ಇಂದು ಪ್ರವಾಸಿಗರು ಗಂಧದ ಕೆತ್ತನೆ ಕೊಳ್ಳಲು ಹೋಗುವ ಸಯ್ಯಾಜಿರಾವ್ ರಸ್ತೆಯ ಕಾವೇರಿ ಮಳಿಗೆಯ ಕಟ್ಟಡ ಮೂಲತಃ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯದು. 1916ರಲ್ಲಿ ಬೆಂಗಳೂರಿನಲ್ಲಿ ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮಹಾಯುದ್ಧದಿಂದಾಗಿ ಶ್ರೀಗಂಧದ ಮರಕ್ಕೆ ಯುರೋಪಿನ ಮಾರುಕಟ್ಟೆ ತಪ್ಪಿದಾಗ ಮರವನ್ನು ರಾಶಿ ಹಾಕಿ ಕೂರದೆ, 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳನ್ನು ತೆರೆಯಲಾಯಿತು.

ಸಮೀಕ್ಷೆ, ತರಬೇತಿ, ಯಂತ್ರ, ಸಾಲ, ಮಾರುಕಟ್ಟೆ: ಈ ಐದೂ ಒಂದೇ ಸರಪಣಿಯ ಕೊಂಡಿಗಳೆಂಬುದು ಅವರ ಆಡಳಿತದಿಂದ ನಾನು ಕಲಿತ ಪಾಠ. ಒಂದು ಕೊಂಡಿ ಕಳಚಿದರೂ ಉಳಿದವು ನಿಷ್ಪ್ರಯೋಜಕ. ನಮ್ಮ ಇಂದಿನ ಯೋಜನೆಗಳು ನಾಲ್ಕನೆಯ ಕೊಂಡಿಯೊಂದನ್ನೇ ಹಿಡಿದುಕೊಂಡು ಸರಪಣಿಯನ್ನು ಎಳೆಯಲು ಯತ್ನಿಸುತ್ತವೆ.

ಅವರ ಬದುಕನ್ನು ಕೇವಲ ಸ್ತುತಿಯಾಗಿ ಹೇಳುವುದು ಅವರಿಗೇ ಮಾಡುವ ಅನ್ಯಾಯ. ಲೆಕ್ಕಪತ್ರವನ್ನು ಎರಡೂ ಬದಿಯಿಂದ ನೋಡುವುದು ಅವರ ಸ್ವಭಾವವೇ ಆಗಿತ್ತು. ದಿವಾನಗಿರಿಯನ್ನು ಒಪ್ಪಿಕೊಳ್ಳುವ ಮುನ್ನ, ಶಿಫಾರಸು ಬೇಡಿಕೊಂಡು ತಮ್ಮ ಬಳಿ ಬರಬಾರದೆಂದು ಬಂಧುಗಳಿಂದ ಅವರು ಮಾತು ಪಡೆದರೆಂಬ ಸಂಗತಿ ಪ್ರಸಿದ್ಧ. ವ್ಯಕ್ತಿಯ ಯೋಗ್ಯತೆಯೊಂದೇ ಮಾನದಂಡವಾಗಬೇಕೆಂಬುದು ಅವರ ಅಚಲ ನಂಬಿಕೆ. ಆದರೆ ಅದೇ ನಂಬಿಕೆ ಅವರ ದೃಷ್ಟಿಗೆ ಒಂದು ಮಿತಿಯನ್ನೂ ಒಡ್ಡಿತು. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದ ಪ್ರಾಬಲ್ಯವಿದೆಯೆಂದೂ ಹಿಂದುಳಿದವರಿಗೆ ಪಾಲು ಬೇಕೆಂದೂ 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಳಿ ಒತ್ತಾಯಿಸಿತು. ನಾಲ್ವಡಿಯವರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಆಡಳಿತದ ದಕ್ಷತೆ ಕುಂದೀತೆಂಬ ಆತಂಕದಿಂದ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ವಿದ್ಯೆಯನ್ನು ಎಲ್ಲರಿಗೂ ಹರಡುವುದೇ ಪರಿಹಾರವೆಂದು ಅವರು ಭಾವಿಸಿದ್ದರು. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯನ್ನು ತೊರೆದರು.

ಶತಮಾನದ ನಂತರ ಹಿಂದಿರುಗಿ ನೋಡಿದಾಗ ನಾಲ್ವಡಿಯವರದೇ ಸರಿಯಾದ ನಿಲುವೆಂದು ನನಗೆ ತೋರುತ್ತದೆ. ಯೋಗ್ಯತೆ ಎಲ್ಲ ಓಣಿಗಳಲ್ಲಿಯೂ ಹುಟ್ಟುತ್ತದೆ. ಆದರೆ ಅದನ್ನು ಗುರುತಿಸುವ ಕಣ್ಣು ಎಲ್ಲ ಓಣಿಗಳ ಕಡೆಗೂ ತಿರುಗುವುದಿಲ್ಲ. ದಖ್ಖನ್ ಕಾಲುವೆಯ ಕೊನೆಯ ತೂಬನ್ನು ಕಂಡಿದ್ದ ಮಹನೀಯರಿಗೆ ಸಮಾಜದ ಕೊನೆಯ ತೂಬಿಗೂ ಪ್ರತ್ಯೇಕ ವ್ಯವಸ್ಥೆ ಬೇಕೆಂಬುದು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ. ತಮಗೆ ದೊರೆತ ವಿದ್ಯಾರ್ಥಿವೇತನ ಅರ್ಹತೆಗೆ ಸಂದ ಗೌರವ ಹೌದು. ಆದರೆ ಆ ಅರ್ಹತೆ ಒಬ್ಬ ದಿವಾನರ ಗಮನಕ್ಕೆ ಬರುವಂಥ ಜಾಗದಲ್ಲಿ ಅವರಿದ್ದರೆಂಬುದೂ ಅಷ್ಟೇ ನಿಜ.

ಈ ಮಾತನ್ನು ನಾನು ದೂರ ನಿಂತು ಹೇಳುತ್ತಿಲ್ಲ. 1993ರ ಅಕ್ಟೋಬರ್ 2ರಂದು, ಎಂದರೆ ಬ್ಯಾಂಕ್ ಆಫ್ ಮೈಸೂರು ಆರಂಭವಾಗಿ ಸರಿಯಾಗಿ 80 ವರ್ಷಗಳ ತರುವಾಯ, ವಿದ್ಯಾವಂತ ನಿರುದ್ಯೋಗಿ ಯುವಜನರಿಗಾಗಿ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಜಾರಿಗೆ ಬಂದಿತು. ವ್ಯಾಪಾರಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸಾಲ ನೀಡುವ ಆ ಯೋಜನೆಯ ಆಯ್ಕೆ ಸಮಿತಿಯೊಂದರಲ್ಲಿ ಕಿರಿಯ ಅಧಿಕಾರಿಯಾಗಿ ನಾನೂ ಕುಳಿತಿದ್ದೆ. ದಿನಕ್ಕೆ ನೂರಕ್ಕೂ ಹೆಚ್ಚು ಅಭ್ಯರ್ಥಿಗಳು. ಒಬ್ಬೊಬ್ಬರಿಗೆ ಎರಡೋ ಮೂರೋ ನಿಮಿಷ. ಬೀಡಿ ಕಟ್ಟುವ ತಾಯಿಯ ಮಗಳೊಬ್ಬಳು ನಾಲ್ಕು ಹೊಲಿಗೆ ಯಂತ್ರಗಳನ್ನು ಕೊಂಡು ಶಾಲಾ ಸಮವಸ್ತ್ರ ಹೊಲಿಯುವ ಘಟಕ ತೆರೆಯಬೇಕೆಂದು ಬಂದಿದ್ದಳು. ಯಾವ ಶಾಲೆಗೆ, ಎಷ್ಟು ಜೊತೆ, ಬಟ್ಟೆ ಎಲ್ಲಿಂದ ತರುವೆ ಎಂದು ಕೇಳಬೇಕಿದ್ದ ನಾನು ಕೇಳಿದ್ದು ಅವಳಿಗೆ ಸ್ವಂತ ಮನೆಯಿದೆಯೇ, ತಂದೆಗೆ ಸಂಬಳವಿದೆಯೇ ಎಂದು. ನಿಯಮದಂತೆ ಆ ಪ್ರಶ್ನೆ ಅನಗತ್ಯವಾಗಿತ್ತು. ಆದರೂ ಅವಳ ಹೆಸರಿನ ಮುಂದೆ ಶಿಫಾರಸು ಇಲ್ಲವೆಂದು ಬರೆದೆ. ಸಾಲ ಮುಳುಗಿದರೆ ಆಕ್ಷೇಪ ಬಂದೀತೆಂಬ ಭಯ ನನಗೆ. ಸಾಲ ಕೊಡದಿದ್ದುದಕ್ಕೆ ನನ್ನನ್ನು ಯಾರೂ ಎಂದೂ ಪ್ರಶ್ನಿಸಲಿಲ್ಲ. ನಮ್ಮ ವ್ಯವಸ್ಥೆಯ ಮೂಲದೋಷ ಇಲ್ಲಿಯೇ ಇದೆ: ಕೊಟ್ಟು ಕೆಟ್ಟವನಿಗೆ ನೋಟಿಸು ಬರುತ್ತದೆ, ಕೊಡದೆ ಕೆಡಿಸಿದವನಿಗೆ ಬಡ್ತಿ ಬರುತ್ತದೆ.

ಕಾನೂನು ಮತ್ತು ಸುತ್ತೋಲೆಗಳ ಕೊರತೆ ನಮ್ಮಲ್ಲಿಲ್ಲ. 1959ರಲ್ಲಿಯೇ ರಾಜ್ಯ ಹಣಕಾಸು ಸಂಸ್ಥೆ ಸ್ಥಾಪನೆಯಾಯಿತು. ಆಧಾರವಿಲ್ಲದ ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದಲ್ಲಿ ದೊಡ್ಡ ಭಾಗವನ್ನು ತುಂಬಿಕೊಡಲು 2000ದಲ್ಲಿ ಸಾಲ ಖಾತರಿ ನಿಧಿ ಸ್ಥಾಪಿತವಾಯಿತು. 2008ರಲ್ಲಿ ಹಳೆಯ ರೋಜ್‌ಗಾರ್ ಯೋಜನೆಯನ್ನು ವಿಲೀನಗೊಳಿಸಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ತಂದರು. ನಗರದ ಅಲ್ಪಸಂಖ್ಯಾತ, ಪರಿಶಿಷ್ಟ, ಹಿಂದುಳಿದ ವರ್ಗಗಳ ಅಭ್ಯರ್ಥಿಗಳಿಗೂ ಮಹಿಳೆಯರಿಗೂ ಯೋಜನಾ ವೆಚ್ಚದ ಶೇ 25ರಷ್ಟು ಸಹಾಯಧನವನ್ನು ಅದರಲ್ಲಿ ನಿಗದಿಪಡಿಸಲಾಯಿತು. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಧಾರ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿ ಆದೇಶಿಸಿತು. 2015ರಲ್ಲಿ ಮುದ್ರಾ ಯೋಜನೆ ಬಂದಿತು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದೂ ರಿಸರ್ವ್ ಬ್ಯಾಂಕಿನ ಸಂಹಿತೆಯಲ್ಲಿದೆ.

ಇಷ್ಟಿದ್ದೂ ಉದಯಗಿರಿಯ ಯುವಕ ಬರಿಗೈಯಲ್ಲಿ ಮರಳಿದ. ಅವನ ಅನುಭವ ಒಂಟಿ ಅನುಭವವಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ತನ್ನ ವರದಿಯಲ್ಲಿ, ಮುಸ್ಲಿಮರು ಹೆಚ್ಚಾಗಿ ನೆಲೆಸಿರುವ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿಟ್ಟುಕೊಂಡಿರುವುದನ್ನು ದಾಖಲಿಸಿತ್ತು. ಆ ಪಟ್ಟಿಗಳು ಕಾಗದದ ಮೇಲೆ ಇಲ್ಲದಿದ್ದರೂ ಮನಸ್ಸಿನಲ್ಲಿ ಉಳಿದುಕೊಳ್ಳಬಲ್ಲವು. ವಿಳಾಸವನ್ನು ಓದಿದೊಡನೆ ಮುಖಭಾವ ಬದಲಾಗುವುದನ್ನು ಅರ್ಜಿದಾರ ಕ್ಷಣಮಾತ್ರದಲ್ಲಿ ಗ್ರಹಿಸುತ್ತಾನೆ. ಎರಡನೆಯ ಬಾರಿ ಅವನು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ; ಮೀಟರ್ ಬಡ್ಡಿಯವನ ಬಳಿಗೆ ಹೋಗುತ್ತಾನೆ. ವಿಶ್ವೇಶ್ವರಯ್ಯನವರು 1913ರಲ್ಲಿ ಯಾವ ಬಾಗಿಲನ್ನು ತಪ್ಪಿಸಲು ಬ್ಯಾಂಕು ಕಟ್ಟಿಸಿದರೋ ಅದೇ ಬಾಗಿಲಿಗೆ ನಾವು ಅವನನ್ನು ಮರಳಿ ಕಳುಹಿಸುತ್ತಿದ್ದೇವೆ.

ಬ್ಯಾಂಕಿನವರ ಕಷ್ಟವನ್ನೂ ಹೇಳಬೇಕು. ಗುರಿ ಮುಟ್ಟಬೇಕೆಂಬ ಒತ್ತಡದಲ್ಲಿ ಹಂಚಿದ ಎಷ್ಟೋ ಸರ್ಕಾರಿ ಸಾಲಗಳು ಮರಳಿ ಬಂದಿಲ್ಲ. ಸಹಾಯಧನಕ್ಕಾಗಿಯೇ ಅರ್ಜಿ ಹಾಕುವವರಿದ್ದಾರೆ. ಬೆಲೆಪಟ್ಟಿಯನ್ನು ತಿರುಚಿ ಕಮಿಷನ್ ಪಡೆಯುವ ಮಧ್ಯವರ್ತಿಗಳೂ ಇದ್ದಾರೆ. ಸಾಲ ಮನ್ನಾದ ಮಾತು ಚುನಾವಣೆಗೊಮ್ಮೆ ಕೇಳಿಬಂದಾಗ, ಪ್ರಾಮಾಣಿಕವಾಗಿ ಕಂತು ಕಟ್ಟುವವನೇ ಮೂರ್ಖನೆನಿಸುತ್ತಾನೆ. ಊರಿನ ಪರಿಚಯವಿಲ್ಲದೆ, ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ವ್ಯವಸ್ಥಾಪಕನಿಗೆ ಯಾರು ಕೆಲಸಗಾರ, ಯಾರು ಮೋಸಗಾರ ಎಂದು ತಿಳಿಯುವ ಬಗೆ ಹೇಗೆ? ಮನೆಯ ಪತ್ರ ಕೇಳುವುದು ಅವನ ಮಟ್ಟಿಗೆ ಅಜ್ಞಾನದಿಂದ ಪಾರಾಗುವ ಸುಲಭೋಪಾಯ.

ಆದ್ದರಿಂದಲೇ ಊರನ್ನು ಬಲ್ಲ ಸಂಸ್ಥೆ ಬೇಕು. 1913ರಲ್ಲಿ ಹುಟ್ಟಿದ ಬ್ಯಾಂಕು 1960ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂಬ ಹೆಸರಿನಲ್ಲಿ ನಮ್ಮೆಲ್ಲರ ಮನೆಮಾತಾಗಿ, 2017ರ ಏಪ್ರಿಲ್ 1ರಂದು ಮಾತೃಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳೂ 2019 ಮತ್ತು 2020ರಲ್ಲಿ ಅದೇ ದಾರಿ ಹಿಡಿದವು. ವಿಲೀನದಿಂದ ಬ್ಯಾಂಕುಗಳ ಬಲ ಹೆಚ್ಚಿರಬಹುದು. ಆದರೆ ಸಂಸ್ಥಾನದ ಕಸುಬುದಾರನನ್ನು ಗಮನದಲ್ಲಿರಿಸಿಕೊಂಡು ಕಟ್ಟಿದ ಬ್ಯಾಂಕಿನ ನಾಮಫಲಕ ಇಳಿದಾಗ ನಾವು ಕಳೆದುಕೊಂಡದ್ದು ಹೆಸರೊಂದನ್ನೇ ಅಲ್ಲ. ನಮ್ಮೂರನ್ನು ಅರಿಯಬೇಕಾದದ್ದು ತನ್ನ ಕರ್ತವ್ಯವೆಂದು ತಿಳಿದಿದ್ದ ಒಂದು ಸಂಪ್ರದಾಯವನ್ನೂ ಕಳೆದುಕೊಂಡೆವು.

ದಿವಾನಗಿರಿಯನ್ನು ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬೆಲೆಕುಸಿತದಿಂದ ಸಂಕಷ್ಟಕ್ಕೆ ಸಿಲುಕಿದಾಗ, ಅವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದರು. ಉದ್ಯಮವೆಂದ ಮೇಲೆ ನಷ್ಟದ ವರ್ಷಗಳಿರುತ್ತವೆ, ಮೊದಲ ನಷ್ಟಕ್ಕೇ ಬಾಗಿಲು ಮುಚ್ಚಬಾರದೆಂಬುದನ್ನು ಅವರು ಅಲ್ಲಿ ತೋರಿಸಿದರು. ತಮಗೆ ಸಲ್ಲಬೇಕಾಗಿದ್ದ ಅಲ್ಲಿನ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಮಾಡಿದರು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಅದರ ಫಲ. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಗ್ರಂಥ ಬರೆದರು. ದೊಡ್ಡ ಕಾರ್ಖಾನೆಗಳ ಪಕ್ಷಪಾತಿ ಎಂದೇ ಹೆಸರಾದ ಅವರು ಕಡೆಗಾಲದಲ್ಲಿ ಹೆಚ್ಚಾಗಿ ಚಿಂತಿಸಿದ್ದು ಗ್ರಾಮಗಳ ಕೈಗಾರಿಕೀಕರಣವನ್ನು. ಕೆಲವು ಹಳ್ಳಿಗಳ ಗುಂಪೊಂದನ್ನು ಮಾಡಿ, ಅಲ್ಲಿನ ಜನರೇ ಸಮಿತಿ ರಚಿಸಿಕೊಂಡು, ಸ್ಥಳೀಯ ಬಂಡವಾಳಕ್ಕೆ ಸರ್ಕಾರದ ನೆರವನ್ನು ಜೋಡಿಸಿ ಸಣ್ಣ ಉದ್ಯಮಗಳನ್ನು ಹುಟ್ಟುಹಾಕುವ ಯೋಜನೆಯದು. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿಯೂ ಅದಕ್ಕಾಗಿ ಅವರು ಓಡಾಡಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರಲ್ಲಿ, ನೂರು ವರ್ಷ ತುಂಬಿದ ತರುವಾಯ, ಅವರು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಅವರನ್ನು ಗೌರವಿಸುವ ಮನಸ್ಸಿದ್ದರೆ ಹೊಸ ಯೋಜನೆಯೊಂದಕ್ಕೆ ಅವರ ಹೆಸರಿಡುವ ಅಗತ್ಯವಿಲ್ಲ. ಅವರ ಪ್ರಗತಿ ಸಮಿತಿಗಳನ್ನು ನಗರದ ವಾರ್ಡುಗಳಿಗೆ ಇಳಿಸಿದರೆ ಸಾಕು. ಉದಯಗಿರಿಯಂಥ ವಾರ್ಡಿನಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರದ ಒಬ್ಬ ಅಧಿಕಾರಿ, ಅಲ್ಲಿನ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರು, ಐಟಿಐನ ಒಬ್ಬ ಬೋಧಕ, ಕಸುಬಿನಲ್ಲಿ ನುರಿತ ಇಬ್ಬರು ಹಿರಿಯರು ತಿಂಗಳಿಗೊಮ್ಮೆ ಸೇರಲಿ. ಅರ್ಜಿದಾರನ ಮನೆಯ ಪತ್ರಕ್ಕೆ ಬದಲಾಗಿ ಅವನ ಕೈಕೆಲಸವನ್ನು ನೋಡಲಿ. ಸಾಲ ದೊರೆತ ಮೇಲೆ ಒಂದು ವರ್ಷ ಅವನ ಲೆಕ್ಕಪುಸ್ತಕವನ್ನೂ ಮಾರುಕಟ್ಟೆಯನ್ನೂ ವಿಚಾರಿಸಿಕೊಳ್ಳಲಿ. ಸಾಲ ಕೊಡಲಾಗದಿದ್ದರೆ ಕಾರಣವನ್ನು ಕನ್ನಡದಲ್ಲಿ, ಸಹಿ ಮತ್ತು ದಿನಾಂಕದೊಂದಿಗೆ ಬರೆದುಕೊಡಲಿ. ಯಾವ ವಾರ್ಡಿನಿಂದ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಎಷ್ಟು ತಿರಸ್ಕೃತವಾದವು ಎಂಬ ಪಟ್ಟಿಯನ್ನು ಶಾಖೆಯ ಸೂಚನಾಫಲಕದಲ್ಲಿ ಹಾಕಲಿ. ಅಂಕಿಅಂಶ ಎದುರಿಗಿದ್ದರೆ ಪೂರ್ವಗ್ರಹ ಅಡಗಿ ಕೂರುವುದು ಕಷ್ಟ. ಇವಕ್ಕೆ ಹೆಚ್ಚಿನ ಅನುದಾನವೂ ಬೇಡ, ಹೊಸ ಕಾಯಿದೆಯೂ ಬೇಡ.

ಯುವಕರಿಗೂ ಒಂದು ಮಾತು. ಸಾಲವನ್ನು ಸರ್ಕಾರದ ಕೊಡುಗೆಯೆಂದು ಭಾವಿಸಬಾರದು. ಒಬ್ಬ ತೀರಿಸದೆ ಬಿಟ್ಟ ಕಂತು ಅವನ ಓಣಿಯ ಮುಂದಿನ ಹತ್ತು ಹುಡುಗರ ದಾರಿಗೆ ಮುಳ್ಳಾಗುತ್ತದೆ.

ಉದಯಗಿರಿಯ ಆ ಯುವಕ ಮತ್ತೆ ಅರ್ಜಿ ಹಾಕಲು ಮೊದಲು ಒಪ್ಪಲಿಲ್ಲ. ಸೋದರಮಾವ ಹಣ ಹೊಂದಿಸಿಕೊಡಬಹುದೆಂದೂ ಇಲ್ಲವಾದರೆ ಕೊಲ್ಲಿ ರಾಷ್ಟ್ರಕ್ಕೆ ಹೋಗುವುದಾಗಿಯೂ ಹೇಳಿದ. ಕಳೆದ ತಿಂಗಳು ನಾವಿಬ್ಬರೂ ಕುಳಿತು ಅರ್ಜಿಯನ್ನು ಮತ್ತೆ ಬರೆದಿದ್ದೇವೆ. ಅವನು ಮಾಡಿದ ಎಂಟು ಗೇಟುಗಳ ಚಿತ್ರಗಳನ್ನೂ, ಮಾಡಿಸಿಕೊಂಡವರ ವಿಳಾಸಗಳನ್ನೂ, ಕಬ್ಬಿಣದ ಅಂದಿನ ದರದೊಂದಿಗೆ ಒಂದೊಂದು ಗೇಟಿನ ಖರ್ಚು ಮತ್ತು ಉಳಿತಾಯದ ಲೆಕ್ಕವನ್ನೂ ಲಗತ್ತಿಸಿದ್ದೇವೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವವರೆಗೆ ನಾನು ಕೌಂಟರಿನ ಮುಂದಿನಿಂದ ಕದಲಲಿಲ್ಲ. ಉತ್ತರ ಇನ್ನೂ ಬಂದಿಲ್ಲ.

ಸಾಲದಲ್ಲಿ ಮುಳುಗಿದ್ದ ಸಂಸ್ಥಾನವೊಂದು 1881ರ ಸುಮಾರಿನಲ್ಲಿ ಬಾಡಿಗೆಗೂ ಗತಿಯಿಲ್ಲದ ತರುಣನನ್ನು ನಂಬಿತ್ತು. ಅದಕ್ಕಿಂತ ಎಷ್ಟೋ ಪಾಲು ಸಿರಿವಂತವಾದ ಇಂದಿನ ರಾಜ್ಯಕ್ಕೆ ಈ ಯುವಕನನ್ನು ನಂಬಲು ಏನು ಅಡ್ಡಿ ಎಂಬ ಪ್ರಶ್ನೆಗೆ ನನ್ನ ಮೂರು ದಶಕಗಳ ಸೇವೆಯಲ್ಲಿ ಸಮರ್ಪಕ ಉತ್ತರ ಸಿಕ್ಕಿಲ್ಲ. ಹೊಲಿಗೆ ಯಂತ್ರ ಕೇಳಿಕೊಂಡು ಬಂದಿದ್ದ ಆ ಹೆಣ್ಣುಮಗಳ ಅರ್ಜಿಯ ಮೇಲೆ ನಾನು ಬರೆದ ಎರಡು ಪದಗಳನ್ನು ಇನ್ನು ಅಳಿಸಲಾರೆ. ಈ ಅರ್ಜಿಯ ಮೇಲೆ ಅವೇ ಪದಗಳು ಬೀಳದಿರಲಿ.